ಮೂರು ಸಲ ವಾಪಸ್ ಬಂದ ನಲ್ಲಿ

ನಮ್ಮ ಊರಿನಲ್ಲಿ ಹೆಣ್ಣು ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕು, ಬಚ್ಚಲುಮನೆಗೆ ನಲ್ಲಿ ನೋಡುವುದಕ್ಕೆ ಏನಿಲ್ಲವೆಂದರೂ ಒಂದು ತಿಂಗಳು ಬೇಕು. ಗಂಡು ಹೆಣ್ಣು ಹೇಗೋ ಹೊಂದಿಕೊಂಡು ಹೋಗುತ್ತಾರೆ, ನಲ್ಲಿ ಹೊಂದಿಕೊಳ್ಳುವುದಿಲ್ಲ. ತನಗೆ ಬೇಕಾದ ಮಾತು ಕಿವಿಗೆ ಬೀಳದಿದ್ದರೆ ನೀವು ತಲೆಕೆಳಗಾಗಿ ನಿಂತರೂ ಅದು ಒಂದು ಹನಿ ನೀರು ಬಿಡುವುದಿಲ್ಲ. ಅಡುಗೆಮನೆಯ ನಲ್ಲಿಗಳು ಪಾಪ, ಸಾಧು. ಇವತ್ತು ಏನು ಅಡುಗೆ ಎಂದು ಹೇಳಿದರೆ ಸುರಿಯುತ್ತವೆ. ಬಚ್ಚಲುಮನೆಯವಕ್ಕೆ ಒಂದೊಂದಕ್ಕೆ ಒಂದೊಂದು ರುಚಿ. ಒಂದನ್ನು ಹೊಗಳಬೇಕು, ಇನ್ನೊಂದರ ಮುಂದೆ ಜಗಳವಾಡಬೇಕು. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರ ಮನೆಯ ನಲ್ಲಿಗೆ ಮಗ್ಗಿ ಹೇಳಬೇಕು. ಹದಿನೇಳರ ಮಗ್ಗಿ ಬಾರದ ಅವರ ಅಳಿಯ ಹಬ್ಬಕ್ಕೆ ಬಂದಾಗಲೆಲ್ಲ ಮೈತುಂಬ ಸೋಪಿನ ನೊರೆ ಹೊತ್ತುಕೊಂಡೇ ಊಟಕ್ಕೆ ಕೂರುತ್ತಾನೆ. ಬಿಸಿನೀರಿನದೂ ಅದೇ ಕಥೆ. ಆಡುವ ಮಾತು ಬೆಚ್ಚಗಿದ್ದರೆ ನೀರು ಬೆಚ್ಚಗೆ, ಬಾಯಿತುದಿಯ ಮಾತಾದರೆ ತಣ್ಣೀರು.

ನಾನು ಶಿವನಂಜಪ್ಪ. ಅಂಗಡಿಗಳಿಗೆ ಬೋರ್ಡು ಬರೆಯುವುದು ನನ್ನ ಕಸುಬು. ಹಲಗೆಯ ಅಗಲ ನೋಡಿ ಮಾತು ಕತ್ತರಿಸಿ ಕತ್ತರಿಸಿ ಅದೇ ನನಗೆ ಅಭ್ಯಾಸವಾಗಿಬಿಟ್ಟಿದೆ. ‘ಸಕಲ ವಿಧವಾದ ಗೃಹೋಪಯೋಗಿ ಪಾತ್ರೆಗಳು ಇಲ್ಲಿ ದೊರೆಯುತ್ತವೆ’ ಎಂದು ಚೀಟಿ ಬರೆದುಕೊಂಡು ಬಂದವರಿಗೆ ‘ಪಾತ್ರೆ’ ಎಂದು ಬರೆದು ಕಳಿಸಿದವನು ನಾನು. ಬರೆಯಲು ಕುಳಿತರೆ ಹೀಗೆ ಪುಟಗಟ್ಟಲೆ ಹರಟುತ್ತೇನೆ. ಬಾಯಿ ತೆರೆಯಬೇಕೆಂದರೆ ಮಾತ್ರ ಗಂಟಲೊಳಗೆ ಯಾರೋ ಚಿಲಕ ಹಾಕಿಕೊಂಡಂತಾಗುತ್ತದೆ. ನಮ್ಮಪ್ಪನೂ ಹೀಗೇ ಇದ್ದರು. ಅವರು ಊರೆಲ್ಲ ಹುಡುಕಿ ತಂದು ಹಾಕಿಸಿದ್ದ ಹಿತ್ತಾಳೆ ನಲ್ಲಿಗೆ ಯಾವ ಮಾತೂ ಬೇಕಿರಲಿಲ್ಲ, ‘ಹೂಂ’ ಎಂದರೆ ಬಕೆಟ್ಟು ತುಂಬುತ್ತಿತ್ತು. ಅಪ್ಪ ಹೋದ ಮೇಲೆ ನಾನು ಹೂಂ ಅಂದೆ, ನನಗೂ ಬಂತು. ಉಗುರು ಬೆಚ್ಚಗಿನ ನೀರು. ಮನುಷ್ಯನಿಗೆ ಇನ್ನೇನು ಬೇಕು ಎಂದುಕೊಂಡಿದ್ದೆ.

ನನ್ನ ಹೆಂಡತಿ ದಾಕ್ಷಾಯಿಣಿಗೆ ಇನ್ನೂ ಸ್ವಲ್ಪ ಬೇಕಿತ್ತು. ಅವಳು ಮಾತಿನವಳು. ಮಾರುಕಟ್ಟೆಗೆ ಹೋಗಿ ಬದನೆಕಾಯಿ ತಂದರೆ ಬದನೆಕಾಯಿಯ ಜೊತೆ ಹದಿನೈದು ಜನರ ಸಮಾಚಾರ ತರುವವಳು. ಅಷ್ಟನ್ನೂ ನನಗೆ ಹೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಹುಳಿಗೆ ಉಪ್ಪು ಸರಿಯಾಗಿದೆಯಾ ಎಂದರೂ ಹೂಂ, ನಾನು ಸತ್ತರೆ ಏನು ಮಾಡ್ತೀರಿ ಎಂದರೂ ಹೂಂ. ಮನೆಯಲ್ಲಿ ಇರುವುದು ನಾವಿಬ್ಬರೇ. ಇಪ್ಪತ್ತೆರಡು ವರ್ಷ ಹೀಗೆ ಸುಖವಾಗಿ ನಡೆಯಿತು ಎಂದು ನಾನು ನಂಬಿದ್ದೆ.

ಒಂದು ಸೋಮವಾರ ಬೆಳಗ್ಗೆ ನಾನು ಹೂಂ ಅಂದೆ, ನೀರು ಬರಲಿಲ್ಲ. ಗಟ್ಟಿಯಾಗಿ ಅಂದೆ. ರಾಗವಾಗಿ ಅಂದೆ. ಕೊನೆಗೆ ನಲ್ಲಿ ಅಂಗಡಿಯ ಹುಚ್ಚೂರಪ್ಪನನ್ನು ಕರೆಸಿದೆವು. ಊರಿನಲ್ಲಿ ನಲ್ಲಿ ಮಾರುವವನೂ ಅವನೇ, ರಿಪೇರಿ ಮಾಡುವವನೂ ಅವನೇ. ಅವನು ನಲ್ಲಿಯ ಮೂತಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ಎದ್ದು ನಿಂತು ಮುಂಡಾಸು ಸರಿಮಾಡಿಕೊಂಡ.

“ರೋಗ ಏನೂ ಇಲ್ಲ ಸ್ವಾಮಿ. ಬೇಜಾರಾಗಿದೆ, ಅಷ್ಟೇಯ. ಅಪ್ಪ ಮಗ ಇಬ್ಬರ ಬಾಯಿಂದ್ಲೂ ಐವತ್ತು ವರ್ಷ ಬರೀ ಹೂಂ ಕೇಳೈತೆ. ಹಿತ್ತಾಳೆ ಅಂತ ಇಷ್ಟು ದಿವಸ ತಡ್ಕೊಂಡಿತ್ತು.”

“ನಾನೂ ಹಿತ್ತಾಳೆನೇ ಇರ್ಬೇಕು,” ಎಂದಳು ದಾಕ್ಷಾಯಿಣಿ. ಅವಳ ಮುಖ ನೋಡಿದೆ. ತಮಾಷೆ ಮಾಡುವ ಮುಖವಲ್ಲ. ಹುಚ್ಚೂರಪ್ಪ ಹೋದ ಮೇಲೆ ಅವಳು ಚೀಲಕ್ಕೆ ನಾಲ್ಕು ಸೀರೆ ತುಂಬಿಕೊಂಡು ಹಜಾರದಲ್ಲಿ ನಿಂತಳು. “ನೋಡಿ, ಈ ಸಲ ನಲ್ಲಿ ನೀವೇ ನೋಡ್ಕೊಂಡ್ ಬನ್ನಿ. ನಾನು ಸರ್ವಮಂಗಳಕ್ಕನ ಮನೇಲಿರ್ತೀನಿ. ನನಗೆ ಒಪ್ಪೋಂಥ ನಲ್ಲಿ ತಂದ್ರೆ ವಾಪಸ್ ಬರ್ತೀನಿ. ಇನ್ನೊಂದು ಹೂಂ ನಲ್ಲಿ ತಂದ್ರೋ, ನೀವೂ ಅದೂ ಸುಖವಾಗಿರಿ. ತಿಳೀತಾ?”

“ಹೂಂ,” ಅಂದೆ. ಬಾಯಿಂದ ಬಿದ್ದ ಮೇಲೆ ಹಿಡಿಯಲು ಹೋದೆ, ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು.

ಅವಳ ಅಕ್ಕನ ಮನೆ ಇರುವುದು ನಾಲ್ಕೇ ಬೀದಿ ಆಚೆ. ಬೋರ್ಡು ಬರೆಯಲು ಏಣಿ ಹತ್ತಿದರೆ ಆ ಮನೆಯ ಮಾಳಿಗೆಯ ಮೇಲೆ ಅವಳು ಸೀರೆ ಒಣಗಹಾಕುವುದು ಕಾಣುತ್ತಿತ್ತು. ಹತ್ತಿರವಿದ್ದರೇನು, ನನಗೆ ಭಯವಾಯಿತು. ಅವಳು ಹಾಗೆಲ್ಲ ಹೇಳಿ ಮಾಡದೆ ಬಿಡುವವಳಲ್ಲ. ಇತ್ತ ಮನೆಯಲ್ಲಿ ಉಳಿದದ್ದು ಅಡುಗೆಮನೆಯ ನಲ್ಲಿಯೊಂದೇ. ಬೆಳಗ್ಗೆ ಸಂಜೆ ಅದಕ್ಕೆ “ಉಪ್ಪಿಟ್ಟು” ಎಂದು ಹೇಳಿ ಹೇಳಿ, ಐದನೆಯ ದಿನಕ್ಕೆ ಅದೂ ಮುಖ ಸಿಂಡರಿಸಿಕೊಂಡು ಸಣ್ಣಗೆ ಸುರಿಯತೊಡಗಿತು. ನಾನು ಹುಚ್ಚೂರಪ್ಪನ ಅಂಗಡಿಯ ದಾರಿ ಹಿಡಿದೆ.

ನಲ್ಲಿ ನೋಡುವುದಕ್ಕೆ ಒಂದು ಶಾಸ್ತ್ರವಿದೆ. ಕಾಲು ತೊಳೆದು ಚಾಪೆಯ ಮೇಲೆ ಕೂರಬೇಕು. ಮನೆಯ ಹಿರಿಯರು ನಾಲ್ಕು ಜನ ಜೊತೆಗಿರಬೇಕು. ಹುಚ್ಚೂರಪ್ಪ ನಲ್ಲಿಯನ್ನು ಅರಿಸಿನ ಕುಂಕುಮ ಹಚ್ಚಿದ ತಟ್ಟೆಯಲ್ಲಿಟ್ಟು ತಂದು, ಹಿಂದುಗಡೆಯ ಡ್ರಮ್ಮಿನ ಪೈಪಿಗೆ ತಿರುಗಿಸುತ್ತಾನೆ. ಆಮೇಲೆ ನಾವು ನಮ್ಮ ಹೆಸರು, ಮನೆಯಲ್ಲಿ ಸ್ನಾನ ಮಾಡುವವರೆಷ್ಟು, ಹಾಡುವವರು ಯಾರಾದರೂ ಇದ್ದಾರೆಯೇ, ಎಲ್ಲ ಹೇಳಿಕೊಳ್ಳಬೇಕು. ನಾನು ಒಬ್ಬನೇ ಹೋದದ್ದೇ ಮೊದಲ ಅಪಶಕುನ. ಹೆಸರು ಬಿಟ್ಟರೆ ಇನ್ನೇನೂ ಹೊರಡದೆ ಇದ್ದದ್ದು ಎರಡನೆಯದು.

ಮೊದಲು ಬಂದದ್ದು ಹೊಗಳಿಕೆ ನಲ್ಲಿ, ಫಳಫಳ ಹೊಳೆಯುವಂಥದು. “ಚೆನ್ನಾಗಿದೆ,” ಅಂದೆ. ಒಂದು ಹನಿ ಬಿತ್ತು. “ಏನು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ, ಸ್ವಲ್ಪ ಬಿಡಿಸಿ ಹೇಳಿ ಸ್ವಾಮಿ,” ಎಂದು ಹುಚ್ಚೂರಪ್ಪ ಪಿಸುಗುಟ್ಟಿದ. ನಾನು ಬೆವರಿದೆ, ನಲ್ಲಿ ಬೆವರಲಿಲ್ಲ. ಸುದ್ದಿ ನಲ್ಲಿಗೆ “ಬಿಸಿಲು ಜಾಸ್ತಿ” ಅಂದೆ. ಅದು ಮುಂಚೆಯೇ ಗೊತ್ತಿದ್ದ ಸುದ್ದಿಯಂತೆ. ಜಗಳದ ನಲ್ಲಿಯ ಮುಂದೆ ಹುಚ್ಚೂರಪ್ಪನೇ ನನ್ನನ್ನು ಕೆಣಕಿ, ನನ್ನ ಬೋರ್ಡುಗಳ ಮೇಲೆ, ನಮ್ಮಪ್ಪನ ಮೇಲೆ, ನನ್ನ ಬೋಳುತಲೆಯ ಮೇಲೆ ಬಾಯಿಗೆ ಬಂದಂತೆ ಮಾತಾಡಿದ. ನಾನು ಹೂಂ ಅಂದೆ. ಮಾತಾಡಲಾರದೆ ಒಂದು ಚೀಟಿಯಲ್ಲಿ ಅಂದವಾಗಿ ಹತ್ತು ಸಾಲು ಬೈಗುಳ ಬರೆದು ನಲ್ಲಿಯ ಮುಂದೆ ಹಿಡಿದೆ.

“ನಲ್ಲಿಗೆ ಓದೋಕೆ ಬರಲ್ಲ ಸ್ವಾಮಿ,” ಎಂದು ಅವನು ಚೀಟಿ ಇಸಿದುಕೊಂಡು ಓದಿ, ಪೆಚ್ಚಾಗಿ ಮಡಿಚಿ ಜೇಬಿಗೆ ಹಾಕಿಕೊಂಡ. ಮೂರು ದಿನ ಹೀಗೇ ಆಯಿತು. ಮೂರನೆಯ ಸಂಜೆ ಅವನಿಗೇ ಸಾಕಾಯಿತು. “ನಿಮಗೆ ಹೊಂದೋ ನಲ್ಲಿ ಹುಡುಕೋದು ಬಿಡಿ. ಅಮ್ಮಾವರಿಗೆ ಹೊಂದೋದು ಹುಡುಕೋಣ. ಅವರು ಬಚ್ಚಲಲ್ಲಿ ಏನೇನು ಮಾತಾಡ್ತಿದ್ರು? ಅಷ್ಟು ಹೇಳಿ, ತಕ್ಕಂಗೆ ಕೊಡ್ತೀನಿ.”

ನಾನು ಬಾಯಿ ತೆರೆದೆ. ಅವಳು ದಿನವೂ ಬಚ್ಚಲಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದದ್ದು ನನಗೆ ಗೊತ್ತಿತ್ತು. ಒಂದು ಹೂಂಗೆ ಬರುವ ನೀರಿಗೆ ಇವಳದ್ಯಾಕೆ ಇಷ್ಟು ದೊಡ್ಡ ಪುರಾಣ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ ಕೂಡ. ಆದರೆ ಏನು ಮಾತಾಡುತ್ತಿದ್ದಳು? ಒಂದು ಮಾತೂ ನೆನಪಾಗಲಿಲ್ಲ. ಬಚ್ಚಲಿನದ್ದು ಹಾಗಿರಲಿ, ಊಟಕ್ಕೆ ಕೂತಾಗ, ಎದುರೆದುರೇ, ನನಗೇ ಹೇಳಿದ್ದೂ ನೆನಪಾಗಲಿಲ್ಲ. ಇಪ್ಪತ್ತೆರಡು ವರ್ಷ! ಅಂಗಡಿಯ ಮುಂದೆ ನಿಂತು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ನಮ್ಮ ಬಚ್ಚಲುಮನೆಯ ಗವಾಕ್ಷಿ ಪಕ್ಕದ ಮನೆಯ ತುಂಗಮ್ಮನ ಜಗಲಿಗೆ ತೆರೆದುಕೊಳ್ಳುತ್ತದೆ. ಎಪ್ಪತ್ತು ದಾಟಿದ ಅಜ್ಜಿ, ಹೂಬತ್ತಿ ಹೊಸೆಯುತ್ತ ಬೆಳಗ್ಗೆಯೆಲ್ಲ ಅಲ್ಲೇ ಕೂತಿರುತ್ತಾಳೆ. ನಾಚಿಕೆ ಬಿಟ್ಟು ಹೋಗಿ ಕೇಳಿದೆ. “ಅವಳು… ಬಚ್ಚಲಲ್ಲಿ… ಏನು ಮಾತು?”

ತುಂಗಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲ ಕಣಪ್ಪಾ, ಗಂಡ ಹೆಂಡ್ತಿ ಇಬ್ರೂ ಬಚ್ಚಲಲ್ಲಿ ಕೂತು ದಿನಾ ಮಾತಾಡೋರು ನೀವು, ಈಗ ಬಂದು ನನ್ನ ಕೇಳ್ತೀಯಲ್ಲ?”

“ಇಬ್ರಾ?”

“ಮತ್ತೆ? ಅವಳೊಂದು ಕೇಳೋದು, ನೀನೊಂದು ಹೇಳೋದು. ಹಂಗೆ ನಗ್ಸೋನು ನೀನು, ನನ್ನ ಹಲ್ಲಿನ ಸೆಟ್ಟು ಎರಡು ಸಲ ಜಗಲಿಗೆ ಬಿದ್ದಿದೆ.”

ಬಚ್ಚಲಿನಲ್ಲಿ ಇನ್ನೊಬ್ಬ! ನಾನು ಹಜಾರದಲ್ಲಿ ಬಣ್ಣ ಕಲಸುತ್ತ ಕೂತಿರುವಾಗ! ಯಾರು, ಯಾವ ಕಡೆಯಿಂದ ಬರುತ್ತಿದ್ದ? ಗವಾಕ್ಷಿಯಲ್ಲಿ ಬೆಕ್ಕು ಕೂಡ ತೂರಲಾರದು. “ನಾನಲ್ಲ,” ಎಂದೆ.

“ನೀನಲ್ದೆ ಇನ್ಯಾರು? ಮೂಗಿನಲ್ಲಿ ಮಾತಾಡೋದು, ಒಂದೊಂದು ಮಾತಿಗೂ ಮುಂಚೆ ಹಿಂಗೆ ಗಂಟಲು ಸರಿ ಮಾಡ್ಕೊಳ್ಳೋದು—” ತುಂಗಮ್ಮ ಗಂಟಲು ಸರಿಮಾಡಿಕೊಂಡು ತೋರಿಸಿದಳು. ಅದು ಅಚ್ಚು ನಾನೇ. ಅಜ್ಜಿಯೂ ಅಲ್ಲಿಗೆ ತಡೆದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. “ಅಯ್ಯೋ ನನ್ನ ತಾಯೀ, ಎರಡೂ ಅವಳೇ ಆಡ್ತಿದ್ಲಾ?”

ಆಮೇಲೆ ತುಂಗಮ್ಮ ಒಂದೊಂದಾಗಿ ಹೇಳಿದಳು. ಹುಳಿ ಹೇಗಿತ್ತು ಎಂದು ದಾಕ್ಷಾಯಿಣಿ ಕೇಳಿದರೆ, ಬಚ್ಚಲಿನ ಶಿವನಂಜಪ್ಪ “ಹುಳಿ ಬಂದಿತ್ತು, ಉಪ್ಪು ಇನ್ನೂ ದಾರೀಲಿತ್ತು” ಎನ್ನುತ್ತಿದ್ದನಂತೆ. ಹೊಸ ಸೀರೆ ಉಟ್ಟ ದಿನ ಅವನು ಬಣ್ಣದ ಹೆಸರು ಹೇಳಿ ಹೊಗಳಿದನಂತೆ, ಬರೀ ಹಸಿರು ಎನ್ನದೆ ಎಳೆ ಮಾವಿನಕಾಯಿಯ ಹಸಿರು ಎಂದನಂತೆ. ಬೀದಿಯವರು ನನ್ನನ್ನು ಕಂಡಾಗಲೆಲ್ಲ ಯಾಕೆ ಮುಗುಳ್ನಗುತ್ತಿದ್ದರೆಂದು ಈಗ ತಿಳಿಯಿತು. ನಾನು ಮುಖಕ್ಕೆ ಬಣ್ಣ ಮೆತ್ತಿಕೊಂಡಿದೆ ಎಂದುಕೊಂಡು ಒರೆಸಿಕೊಳ್ಳುತ್ತಿದ್ದೆ. “ಹೋದ ವರ್ಷ ಅವಳಿಗೆ ಜ್ವರ ಬಂದಿತ್ತಲ್ಲ,” ಎಂದಳು ತುಂಗಮ್ಮ, “ಆವತ್ತು ನೀನು, ಇವತ್ತು ಏನೂ ಮಾಡಬೇಡ ಕಣೆ, ಗಂಜಿ ನಾನೇ ಕಾಯಿಸ್ತೀನಿ ಅಂದೆ. ನಾನು ಸೆರಗಿನಲ್ಲಿ ಕಣ್ಣೊರೆಸ್ಕೊಂಡೆ.”

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ಸೈಕಲ್ ಅಂಗಡಿಯ ಬೋರ್ಡು ಬರೆಯಲು ಹೋಗಿದ್ದೆ. ಗಂಜಿ ಯಾರು ಕಾಯಿಸಿದರೋ ಗೊತ್ತಿಲ್ಲ, ಕೇಳಲೂ ಇಲ್ಲ.

ಮಾರನೆಯ ಬೆಳಗ್ಗೆ ಹುಚ್ಚೂರಪ್ಪನಿಗೆ ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಓದಿ, ಎದ್ದು, ಅಟ್ಟದ ಮೂಲೆಯಿಂದ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ನಲ್ಲಿ ಇಳಿಸಿದ. ದಪ್ಪ ಕತ್ತು, ಸ್ವಲ್ಪ ಸೊಟ್ಟ ಮೂತಿ. ನೋಡಲು ಲಕ್ಷಣವೇನಿಲ್ಲ.

“ಇದಕ್ಕೆ ಇಬ್ಬರು ಬೇಕು. ಒಬ್ಬರು ಒಳಗಿಂದ ಆಡಬೇಕು, ಇನ್ನೊಬ್ಬರು ಹೊರಗಿಂದ ಜವಾಬು ಕೊಡಬೇಕು. ಒಬ್ಬರೇ ಎರಡು ದನಿ ಮಾಡಿದ್ರೆ ನಡೆಯಲ್ಲ, ಹೂಂ ಅಂದ್ರೆ ಲೆಕ್ಕಕ್ಕಿಲ್ಲ. ಮೂರು ಸಲ ಮಾರಿದ್ದೀನಿ, ಮೂರು ಸಲವೂ ವಾಪಸ್ ಬಂತು. ಹೊಸದಾಗಿ ಮದುವೆಯಾದೋರು ತಗೊಂಡ್ರು, ವರ್ಷ ತುಂಬೋಕೆ ಮುಂಚೆ ತಂದುಕೊಟ್ರು. ಒಬ್ಬರು ವಕೀಲರು ತಗೊಂಡ್ರು, ಅವರು ಇನ್ನೊಬ್ಬರಿಗೆ ಮಾತಾಡೋಕೆ ಬಿಡಲೇ ಇಲ್ಲ. ಆಮೇಲೆ ಒಂದು ಮಠದೋರು, ಮೌನವ್ರತದೋರು. ಯಾಕೆ ತಗೊಂಡ್ರೋ ಆ ದೇವರಿಗೇ ಗೊತ್ತು. ಸ್ವಾಮಿ, ಬಿಡಿಸಿ ಹೇಳ್ತಿದ್ದೀನಿ, ನಿಮ್ಮಂಥೋರು ಇದರ ತಂಟೆಗೆ ಹೋಗಬಾರದು.”

ನನ್ನ ಜೀವಕ್ಕೆ ಅದು ಒಗ್ಗುವುದಿಲ್ಲ ಎಂದು ನನಗೂ ಗೊತ್ತಿತ್ತು. “ಕೊಡಿ,” ಅಂದೆ.

ಅದೇ ಮಧ್ಯಾಹ್ನ ಹುಚ್ಚೂರಪ್ಪ ಬಂದು ಕೂರಿಸಿದ. ಸಂಜೆ ಒಬ್ಬನೇ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು “ನಮಸ್ಕಾರ” ಎಂದು ನೋಡಿದೆ. ಅದು ನನ್ನ ಹಿಂದೆ ಇನ್ನಾರಾದರೂ ಇದ್ದಾರೋ ಎಂದು ಕಾಯುವಂತೆ ಸುಮ್ಮನಿತ್ತು. ಬೆಳಗ್ಗೆ ಎದ್ದು ಒಗೆದ ಪಂಚೆ ಉಟ್ಟು ಸರ್ವಮಂಗಳಕ್ಕನ ಮನೆಗೆ ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಗೇಟಿನ ಹತ್ತಿರ ಬಂದಾಗ ಅದರಲ್ಲಿ ಅರ್ಧ ಉದುರಿಹೋಗಿತ್ತು.

ದಾಕ್ಷಾಯಿಣಿ ತಲೆಗೆ ಎಣ್ಣೆ ಸುರಿದುಕೊಂಡು, ಹಣೆಯ ಮೇಲೆಲ್ಲ ಇಳಿಸಿಕೊಂಡು, ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಕ್ಕನೂ ಕೂತಿದ್ದರು, ಅವರ ತಲೆಗೂ ಎಣ್ಣೆ. ಇಬ್ಬರ ಕಣ್ಣೂ ಕೆಂಪು. ಆ ಮನೆಯದು ಜಗಳದ ನಲ್ಲಿ.

“ಬಾರಪ್ಪಾ,” ಎಂದರು ಸರ್ವಮಂಗಳಕ್ಕ. “ಇಷ್ಟು ದಿವಸದಲ್ಲಿ ನಿನ್ನ ಹೆಂಡ್ತಿ ಹುಟ್ಟಿದಾಗಿಂದ ಇದ್ದ ಜಗಳಾನೆಲ್ಲ ಖಾಲಿ ಮಾಡಿಬಿಟ್ಲು. ಅಮ್ಮನ ಬಳೆ, ನನ್ನ ಗಂಡ, ಎಲ್ಲ ಮುಗೀತು. ಇವತ್ತು ಬೆಳಗ್ಗೆ ಎಣ್ಣೆ ಹಚ್ಕೊಂಡ್ ಕೂತು ಏನೂ ಸಿಗದೆ ಇಬ್ರೂ ತಬ್ಕೊಂಡು ಅತ್ತುಬಿಟ್ವಿ. ನಲ್ಲಿ ನಿಂತೇ ಹೋಯ್ತು.”

ನಾನು ಗಂಟಲು ಸರಿಮಾಡಿಕೊಂಡೆ. “ನಲ್ಲಿ ತಂದಿದ್ದೀನಿ. ನಿನಗೆ ಒಪ್ಪುತ್ತೋ ಇಲ್ವೋ, ಬಂದು ನೋಡು.”

“ಅಯ್ಯೋ, ಏಳು ಮಾತು!” ಎಂದು ಸರ್ವಮಂಗಳಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದರು. ದಾಕ್ಷಾಯಿಣಿ ನಗಲಿಲ್ಲ. “ನೋಡೋಕೆ ಅಷ್ಟೇ ಬರ್ತೀನಿ,” ಎಂದಳು. “ಚೀಲ ಇಲ್ಲೇ ಇರಲಿ ಅಕ್ಕಾ.” ಎಣ್ಣೆ ತಲೆಯ ಮೇಲೆ ಸೆರಗು ಹೊದ್ದು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಚೀಲವಿಲ್ಲದ ಅವಳ ಕೈಯನ್ನು ನೋಡಿಕೊಂಡು ನಾನು ಹಿಂದೆ ನಡೆದೆ.

ನಲ್ಲಿಯ ಗುಣವನ್ನು ಅವಳಿಗೆ ಹೇಳಬೇಕೆಂದು ಅಂದುಕೊಂಡೆ, ಹೇಳುವಷ್ಟರಲ್ಲಿ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು. ನಾನು ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತೆ. ಒಳಗೆ ಅವಳು ಮೊದಲು “ಹೂಂ” ಅಂದಳು, ಪರೀಕ್ಷೆ ಅದು. ನೀರು ಬರಲಿಲ್ಲ. “ಪರವಾಗಿಲ್ವೇ,” ಎಂದುಕೊಂಡಳು. ಆಮೇಲೆ, “ರೀ, ಹತ್ತು ದಿನ ಹೆಂಗಿದ್ರಿ?” ಎಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಮೂಗಿನ ದನಿಯೊಂದು ಗಂಟಲು ಸರಿಮಾಡಿಕೊಂಡು, “ಹೆಂಡ್ತಿಯಿಲ್ಲದ ಮನೆ, ಕುಂಚವಿಲ್ಲದ ಡಬ್ಬಿ ಕಣೆ,” ಎಂದಿತು. ಆ ಬಚ್ಚಲಿನ ಶಿವನಂಜಪ್ಪನ ದನಿ ನಾನು ಕೇಳಿದ್ದು ಅದೇ ಮೊದಲು. ನನಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತಿದ್ದ. ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು.

ನಲ್ಲಿ ಮಾತ್ರ ಅವನಿಗೆ ಮರುಳಾಗಲಿಲ್ಲ. “ಥೂ, ಇದಕ್ಕೇನು ಬೇಕಂತೆ?” ಎಂದು ಒಳಗಿನಿಂದ ಬೇಸರದ ದನಿ. “ಇದೂ ಆಗಲ್ಲ ಬಿಡಿ. ನಾನು ಹೊರಟೆ.” ಬಾಗಿಲ ಚಿಲಕ ಅಲ್ಲಾಡಿತು.

“ಉಪ್ಪಿಟ್ಟು ಗಂಟುಗಂಟಾಯ್ತು,” ಅಂದೆ.

ಒಳಗೆ ಗೊಳಗೊಳ ಎಂದು ನೀರು, ಅದರ ಹಿಂದೆಯೇ ಅವಳ ಕಿರುಚು. “ಅಯ್ಯಪ್ಪಾ, ಐಸು! ಯಾರು, ನೀವಾ? ನೀವೇನಾ ಅಂದಿದ್ದು? ರವೆ ಹುರಿದ್ರಾ?”

“ಹುರೀಬೇಕಿತ್ತಾ?”

ಅವಳು ನಕ್ಕಳು. ನೀರಿನ ಸದ್ದು ದಪ್ಪವಾಯಿತು. ನಾನು ಉಪ್ಪಿಟ್ಟಿನ ಕಥೆ ಪೂರ್ತಿ ಹೇಳಿದೆ, ಅಡುಗೆಮನೆಯ ನಲ್ಲಿ ಮುಖ ಸಿಂಡರಿಸಿದ್ದು ಹೇಳಿದೆ. ಅವಳು ಕೇಳುತ್ತ ಕೇಳುತ್ತ ತಲೆಗೆ ಸೀಗೆಪುಡಿ ಹಚ್ಚಿಕೊಂಡಿರಬೇಕು. ಸರಿಯಾಗಿ ಆಗಲೇ ನನ್ನ ಮಾತು ಮುಗಿದುಹೋಯಿತು. ನೀರು ನಿಂತಿತು.

“ರೀ! ಕಣ್ಣಿಗೆ ಸೀಗೆಪುಡಿ! ಏನಾದ್ರೂ ಹೇಳ್ರೀ!”

ಹುಡುಕಿದೆ. ತಲೆಯೊಳಗಿನ ಡಬ್ಬಿಗಳನ್ನೆಲ್ಲ ಬೋರಲು ಹಾಕಿದೆ. ಆ ಬಚ್ಚಲಿನವನಾಗಿದ್ದರೆ ಈ ಹೊತ್ತಿಗೆ ಹತ್ತು ಚಟಾಕಿ ಹಾರಿಸಿರುತ್ತಿದ್ದ. ಅವನ ಹಾಗೆ ನನಗೆ ಬರುವುದಿಲ್ಲ, ಯಾವತ್ತೂ ಬರುವುದಿಲ್ಲ. ಹೊಟ್ಟೆಯ ಕೆಂಡವೇ ಕೊನೆಗೆ ಮಾತಾಯಿತು. “ನಿನ್ನ ಜೊತೆ ಒಳಗೆ ಮಾತಾಡ್ತಾನಲ್ಲ, ಅವನು ಜಾಣ. ನಾನಲ್ಲ. ಆದ್ರೆ ಅವನಿಗೆ ಗೊತ್ತಿಲ್ಲದೆ ಇರೋದು ನನಗೊಂದು ಗೊತ್ತು.”

“ಏನದು?” ನೀರು ಸಣ್ಣಗೆ ಶುರುವಾಯಿತು.

“ನೀನು ಪೇಟೇಲಿ ನಡೆದು ಹೋಗುವಾಗ ಬೋರ್ಡೆಲ್ಲ ಓದ್ಕೊಂಡು ಹೋಗ್ತೀಯ. ತುಟಿ ಅಲ್ಲಾಡುತ್ತೆ. ನಾನು ಬರೆದಿರೋ ಬೋರ್ಡು ಬಂದ್ರೆ ನಿಲ್ತೀಯ. ‘ಪಾತ್ರೆ’ ಅಂತ ಒಂದೇ ಮಾತು ಇರ್ತದೆ, ಅದನ್ನೇ ಎರಡು ಸಲ ಓದ್ತೀಯ. ನಾನು ಏಣಿ ಮೇಲಿಂದ ನೋಡಿದ್ದೀನಿ. ನೀನು ಯಾವ ಬೀದೀಲಿ ತರಕಾರಿಗೆ ಹೋಗ್ತೀಯೋ ಆ ಬೀದಿ ಕೆಲಸಾನೇ ಒಪ್ಕೊಳ್ಳೋದು ನಾನು. ಬೇರೆ ಬೀದಿಯೋರು ಜಂಬ ಅಂತಾರೆ. ಇಪ್ಪತ್ತೆರಡು ವರ್ಷದಿಂದ ಹಂಗೇ. ಹೇಳೋಕೆ ಬರಲಿಲ್ಲ.”

ಅವಳು ಮಾತಾಡಲಿಲ್ಲ, ಹಾಗಾಗಿ ನೀರೂ ಸಣ್ಣಗಾಗಿ ನಿಂತುಹೋಯಿತು. ಎಣ್ಣೆ, ಸೀಗೆಪುಡಿ, ಉರಿಯುವ ಕಣ್ಣು, ಖಾಲಿ ಚೊಂಬು. ಇವಳು ಈಗ ಬಾಗಿಲು ತೆರೆದು ಹೊರಟೇಹೋಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಪಕ್ಕದ ಜಗಲಿಯಲ್ಲಿ ತುಂಗಮ್ಮ ಉಸಿರು ಬಿಗಿಹಿಡಿದದ್ದು ಗವಾಕ್ಷಿಯಿಂದ ಇಲ್ಲಿಯವರೆಗೆ ಕೇಳಿಸುವಂತಿತ್ತು.

“ಆಮೇಲೆ?” ಎಂದಳು ದಾಕ್ಷಾಯಿಣಿ.

“ಆಮೇಲೆ, ಹೋದ ವರ್ಷ ನಿನಗೆ ಜ್ವರ ಬಂದಾಗ ಗಂಜಿ—” ಎಂದು ನಾನು ಶುರುಮಾಡಿದೆ. ಅಷ್ಟರಲ್ಲಿ ಆ ಸೊಟ್ಟ ಮೂತಿಯ ನಲ್ಲಿ ಮೂರು ಮನೆ ಸುತ್ತಿ ಬಂದ ಅಷ್ಟೂ ದಿನಗಳ ಹಸಿವು ತೀರಿಸಿಕೊಳ್ಳುವಂತೆ ಧೋ ಎಂದು ಸುರಿಯತೊಡಗಿತು. ಬಾಗಿಲ ಸಂದಿಯಿಂದ ಬಿಸಿ ಹಬೆ ಬಂತು. ನನ್ನ ಮಾತು ನನಗೇ ಕೇಳದಷ್ಟು ಸದ್ದು. ಒಳಗಿನಿಂದ ಚೊಂಬಿನಲ್ಲಿ ಠಣ್ ಎಂದು ನಲ್ಲಿಯ ತಲೆಗೆ ಕುಟ್ಟಿದ ಸಪ್ಪಳ, ಅದರ ಮೇಲೆ ಅವಳ ಕೂಗು.

“ಏ, ಸ್ವಲ್ಪ ಸುಮ್ನಿರೇ! ಅವರು ಮಾತಾಡ್ತಾ ಇದಾರೆ!”